ಅಳಿವೆಯ ಪಾಠ: ಒಳನಾಡಿನ ವಿಜ್ಞಾನ ಶಿಕ್ಷಕರ ಕ್ಷೇತ್ರಾಧ್ಯಯನ ಮತ್ತು ಕರಾವಳಿಯ ಜನಪದ ಅರಿವು

ನದಿಯು ಸಮುದ್ರವನ್ನು ಸೇರುವ ಸ್ಥಳವನ್ನು ಅಳಿವೆ ಎನ್ನುತ್ತಾರೆ. ಶಾಲೆಯ ಪಾಠದಲ್ಲಿ ಅಳಿವೆಗೆ ದೊರೆಯುವ ಜಾಗ ಬಹುಮಟ್ಟಿಗೆ ಈ ಒಂದು ವಾಕ್ಯದಷ್ಟೇ. ಮಂಡ್ಯ ಜಿಲ್ಲೆ ನಾಗಮಂಗಲ ತಾಲ್ಲೂಕಿನ ದೇವಲಾಪುರದಂತಹ ಊರಿನಲ್ಲಿ ವಿಜ್ಞಾನ ಕಲಿಸುವ ಶಿಕ್ಷಕರು ಈ ವಾಕ್ಯವನ್ನು ಕಪ್ಪುಹಲಗೆಯ ಮೇಲೆ ಬರೆದು ಮುಂದಿನ ಪಾಠಕ್ಕೆ ಹೋಗುವುದು ಸಹಜವೇ ಆಗಿದೆ. ಕೆರೆ, ಬಾವಿ, ಹೊಲಗಳ ಈ ಸೀಮೆಯಿಂದ ಸಮುದ್ರ ಬಹು ದೂರ. ನಾಗಮಂಗಲದ ಕಡೆಯಿಂದ ಹರಿದು ಬರುವ ಲೋಕಪಾವನಿಯು ಶ್ರೀರಂಗಪಟ್ಟಣದ ಕರಿಘಟ್ಟದ ಬುಡದಲ್ಲಿ ಕಾವೇರಿಯನ್ನು ಸೇರುತ್ತದೆ. ಆ ನೀರು ಮುಂದೆ ಎಲ್ಲಿಗೆ ಹೋಗುತ್ತದೆ, ಹೋಗಿ ಏನಾಗುತ್ತದೆ ಎಂಬ ಪ್ರಶ್ನೆಗೆ ಈ ಭಾಗದಲ್ಲಿ ಸಿಗುವ ಸಾಮಾನ್ಯ ಉತ್ತರ ಒಂದೇ: ‘ಸಮುದ್ರಕ್ಕೆ ಹೋಗಿ ವ್ಯರ್ಥವಾಗುತ್ತದೆ.’ ನೀರಿನ ವಿವಾದ ಎದ್ದಾಗಲೆಲ್ಲ ಕೇಳಿಬರುವ ಈ ಮಾತು ತರಗತಿಯೊಳಗೂ ಪ್ರಶ್ನೆಯಿಲ್ಲದೆ ಪ್ರವೇಶಿಸಿದೆ.

‘ವ್ಯರ್ಥ’ ಎಂಬ ಈ ಪದವನ್ನು ಪರೀಕ್ಷೆಗೆ ಒಡ್ಡಲು ಅಳಿವೆಯ ಕೆಸರಿಗೆ ಇಳಿಯುವುದಕ್ಕಿಂತ ಉತ್ತಮ ಮಾರ್ಗವಿಲ್ಲ. ವಿಜ್ಞಾನ ಶಿಕ್ಷಕರಿಗೆ ಅಂತಹ ಕ್ಷೇತ್ರಾಧ್ಯಯನ ಹೇಗಿರಬೇಕು, ಅದರಲ್ಲಿ ಕರಾವಳಿಯ ಜನಪದ ಅರಿವಿಗೆ ಯಾವ ಸ್ಥಾನವಿದೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಶಾಲೆಯ ಜ್ಞಾನವನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಅದಕ್ಕೂ ಮೊದಲೇ, 1980ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹಾಗೂ 1993ರಿಂದ ನಡೆದುಬಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಗಳು ಸ್ಥಳೀಯ ಪರಿಸರವನ್ನು ಅಳೆದು ನೋಡುವ ಅಭ್ಯಾಸವನ್ನು ಶಿಕ್ಷಕರಿಗೆ ಕಲಿಸಿದ್ದವು. ಇನ್ನೂ ಹಿಂದಕ್ಕೆ ಹೋದರೆ, 1930ರ ದಶಕದಲ್ಲಿಯೇ ‘ಬಾಲಪ್ರಪಂಚ’ವನ್ನು ಮಕ್ಕಳ ಕೈಗಿತ್ತ ಶಿವರಾಮ ಕಾರಂತರು ಕರಾವಳಿಯ ಕೋಟದವರೇ. ಕೊರತೆ ಇರುವುದು ಆಶಯದಲ್ಲಲ್ಲ, ಕ್ಷೇತ್ರದಲ್ಲಿ ಯಾರನ್ನು ಕೇಳಬೇಕು ಎಂಬ ತಿಳಿವಿನಲ್ಲಿ.

ಹೆಸರುಗಳಿಂದ ಆರಂಭ

ಜಾನಪದ ಕ್ಷೇತ್ರಕಾರ್ಯದಲ್ಲಿ ಸಂಗ್ರಾಹಕನು ಮೊದಲು ಮಾಡುವ ಕೆಲಸ ಪದಗಳನ್ನು ಬರೆದುಕೊಳ್ಳುವುದು. ವಿಜ್ಞಾನ ಶಿಕ್ಷಕರಿಗೂ ಇದೇ ಉತ್ತಮ ಆರಂಭವಾಗಬಲ್ಲದು, ಏಕೆಂದರೆ ನೀರಿನ ಚಲನೆಯನ್ನು ಶತಮಾನಗಳಿಂದ ಕಂಡವರ ವೀಕ್ಷಣೆಗಳು ಹೆಸರುಗಳಲ್ಲಿ ಉಳಿದಿರುತ್ತವೆ.

ದೇವಲಾಪುರದ ಮಗುವಿಗೆ ‘ಕೋಡಿ’ ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಬೀಳುವ ಜಾಗ ಅದು. ಕೋಡಿ ಬಿದ್ದ ದಿನ ಊರಿಗೆ ಹಬ್ಬ. ಅದೇ ಪದ ಕರಾವಳಿಯಲ್ಲಿ ಕುಂದಾಪುರದ ಕೋಡಿ, ಉಡುಪಿ ಜಿಲ್ಲೆಯ ಕೋಡಿಬೆಂಗ್ರೆ, ಕಾರವಾರದ ಕೋಡಿಬಾಗ ಎಂಬ ಊರ ಹೆಸರುಗಳಲ್ಲಿ ನಿಂತಿದೆ. ಅಲ್ಲಿ ಅದು ನದಿಗೂ ಕಡಲಿಗೂ ನಡುವೆ ಚಾಚಿದ ನೆಲದ ತುದಿಯನ್ನು ಸೂಚಿಸುತ್ತದೆ. ಒಂದೆಡೆ ನೀರು ಹೊರಡುವ ಬಾಯಿ, ಇನ್ನೊಂದೆಡೆ ನೀರು ಹೊರಡುವಲ್ಲಿ ನೆಲ ಮುಗಿಯುವ ಕೊನೆ. ಎರಡೂ ಒಂದೇ ದೃಶ್ಯದ ಎರಡು ಬದಿಗಳು. ಹಾಗೆಯೇ ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುವಿನ ಚಿಕ್ಕ ನಡುಗಡ್ಡೆಗಳು ‘ತಿಟ್ಟು’ಗಳು. ರಂಗನತಿಟ್ಟು ಎಂಬ ಹೆಸರು ಬಂದುದೇ ಅದರಿಂದ. ಕುಂದಾಪುರ-ಉಡುಪಿಗಳ ಕಡೆ ಅಂತಹುದೇ ನೆಲ ‘ಕುದ್ರು’ ಆಗುತ್ತದೆ, ಉತ್ತರ ಕನ್ನಡದಲ್ಲಿ ‘ಕುರ್ವೆ’ ಆಗುತ್ತದೆ. ಶರಾವತಿಯ ಮಾವಿನಕುರ್ವೆ, ಅಘನಾಶಿನಿಯ ಐಗಳಕುರ್ವೆ ಇದಕ್ಕೆ ನಿದರ್ಶನಗಳು. ತಿಟ್ಟು, ಕುದ್ರು, ಕುರ್ವೆ ಈ ಮೂರನ್ನೂ ನದಿಯು ಹೊತ್ತು ತಂದ ಮರಳು-ಮಣ್ಣು, ಹರಿವಿನ ವೇಗ ಕುಗ್ಗಿದಲ್ಲಿ ನೆಲೆಗೊಳ್ಳುವ ಒಂದೇ ತತ್ತ್ವದಿಂದ ವಿವರಿಸಲು ತೊಡಗಬಹುದು. ಆದರೆ ಕುರ್ವೆಯಲ್ಲಿ ದಿನಕ್ಕೆ ಎರಡು ಬಾರಿ ನೀರಿನ ದಿಕ್ಕೇ ಬದಲಾಗುತ್ತದೆ, ತಿಟ್ಟಿನಲ್ಲಿ ಬದಲಾಗುವುದಿಲ್ಲ. ಅಳಿವೆ ನದಿಯ ಇತರ ಭಾಗಗಳಿಂದ ಬೇರೆಯಾಗುವುದು ಈ ಒಂದು ವ್ಯತ್ಯಾಸದಿಂದ.

ಯಾವ ಅಳಿವೆ?

ಕಾವೇರಿಯ ಸ್ವಂತ ಅಳಿವೆ ಕರ್ನಾಟಕದಲ್ಲಿಲ್ಲ. ಅದು ತಮಿಳುನಾಡಿನ ಪೂಂಪುಹಾರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಅದರ ಕವಲಾದ ಕೊಳ್ಳಿಡಂ ಮತ್ತು ವೆಳ್ಳಾರು ನದಿಗಳ ಅಳಿವೆಗಳ ನಡುವೆ ಪಿಚ್ಚಾವರಂನ ಕಾಂಡ್ಲಾ ಕಾಡು ಇದೆ. ಕನ್ನಡದಲ್ಲಿಯೇ ವಕ್ತೃಗಳೊಡನೆ ಮಾತನಾಡಿ ಕಲಿಯಬೇಕಾದರೆ ಪಶ್ಚಿಮಕ್ಕೆ ಹರಿಯುವ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಕುಂದಾಪುರದ ಪಂಚಗಂಗಾವಳಿ, ಮಂಗಳೂರಿನ ನೇತ್ರಾವತಿ-ಗುರುಪುರ ಇವುಗಳ ಅಳಿವೆಗಳಿಗೆ ಘಟ್ಟವಿಳಿದು ಹೋಗಬೇಕು. ಇವುಗಳಲ್ಲಿ ಕುಮಟಾ ತಾಲ್ಲೂಕಿನ ಅಘನಾಶಿನಿ ಒಂದು ವಿಶೇಷ ಕಾರಣದಿಂದ ಶಿಕ್ಷಕರ ಅಧ್ಯಯನಕ್ಕೆ ತಕ್ಕ ನೆಲ.

ಶಿರಸಿಯ ಆಸುಪಾಸಿನಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿ ಮತ್ತು ಅಘನಾಶಿನಿ ಎಂಬ ಎರಡು ಊರುಗಳ ನಡುವೆ ಅರಬ್ಬೀ ಸಮುದ್ರವನ್ನು ಸೇರುವ ಈ ನದಿಗೆ ದೊಡ್ಡ ಅಣೆಕಟ್ಟು ಇಲ್ಲ. ಅದರ ದಕ್ಷಿಣದ ನೆರೆಯ ನದಿಯಾದ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದಿತು. ವಿದ್ಯುದಾಗಾರಗಳಿಂದ ಹೊರಬರುವ ನೀರು ಬೇಸಿಗೆಯಲ್ಲೂ ಹರಿಯುತ್ತಿರುವುದರಿಂದ ಹೊನ್ನಾವರದ ಅಳಿವೆಯಲ್ಲಿ ಉಪ್ಪಿನ ಅಂಶ ಕಡಿಮೆ. ಅಲ್ಲಿ ಎರಡು ಚಿಪ್ಪಿನ ಮೃದ್ವಂಗಿಗಳ ವೈವಿಧ್ಯ ಕುಗ್ಗಿರುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ದಾಖಲಿಸಿದ್ದಾರೆ. ಕುಮಟಾದಿಂದ ಹೊನ್ನಾವರಕ್ಕೆ ಬಸ್ಸಿನಲ್ಲಿ ಒಂದು ಗಂಟೆಯೂ ಬೇಡ. ಒಂದೇ ಮಳೆ, ಒಂದೇ ಕಡಲು. ಒಂದು ನದಿಗೆ ಕಟ್ಟೆಯಿದೆ, ಇನ್ನೊಂದಕ್ಕಿಲ್ಲ. ಪ್ರಯೋಗಾಲಯದಲ್ಲಿ ಹೋಲಿಕೆಗಾಗಿ ಎರಡು ಪಾತ್ರೆಗಳನ್ನು ಇಡುವಂತೆ ನಿಸರ್ಗ ಮತ್ತು ಮನುಷ್ಯ ಸೇರಿ ಇಲ್ಲಿ ಎರಡು ಅಳಿವೆಗಳನ್ನು ಇಟ್ಟಿದ್ದಾರೆ. ಕೃಷ್ಣರಾಜಸಾಗರದ ನಾಲೆಗಳ ಜಿಲ್ಲೆಯಿಂದ ಹೋದ ಶಿಕ್ಷಕರಿಗೆ ಈ ಹೋಲಿಕೆಯ ಅರ್ಥ ಬೇಗ ಹೊಳೆಯುತ್ತದೆ.

ಮಳೆಯ ಪಂಚಾಂಗ, ಭರತದ ಪಂಚಾಂಗ

ನಾಗಮಂಗಲದ ಒಕ್ಕಲಿಗನಿಗೆ ಪಂಚಾಂಗವೆಂದರೆ ಮೊದಲಿಗೆ ಮಳೆನಕ್ಷತ್ರಗಳು. ಭರಣಿ, ಕೃತ್ತಿಕೆ, ರೋಹಿಣಿ, ಆರಿದ್ರೆ ಎಂದು ಎಣಿಸುವ ಈ ಲೆಕ್ಕ ಸೂರ್ಯನದು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು-ಹದಿನಾಲ್ಕು ದಿನ ಇರುತ್ತಾನೆ. ಹಾಗಾಗಿ ಮಳೆನಕ್ಷತ್ರಗಳು ಪ್ರತಿವರ್ಷ ಹೆಚ್ಚುಕಡಿಮೆ ಅದೇ ತಾರೀಖಿಗೆ ಬರುತ್ತವೆ. ಅಳಿವೆಯ ಬದಿಯ ಹರಿಕಂತ್ರ, ಅಂಬಿಗ, ಹಾಲಕ್ಕಿ ಒಕ್ಕಲು, ಪಟಗಾರ ಸಮುದಾಯಗಳವರಿಗೂ ಈ ಲೆಕ್ಕ ಬೇಕು. ಆದರೆ ದಿನನಿತ್ಯದ ದುಡಿಮೆಗೆ ಬೇಕಾದದ್ದು ಚಂದ್ರನ ಲೆಕ್ಕ, ಅಂದರೆ ತಿಥಿ. ನೀರು ಏರುವುದನ್ನು ಭರತವೆಂದೂ ಇಳಿಯುವುದನ್ನು ಇಳಿತವೆಂದೂ ಕರೆಯುವ ಕರಾವಳಿಯಲ್ಲಿ ಯಾವ ಹೊತ್ತಿಗೆ ದೋಣಿ ಹೊರಡಬೇಕು, ಯಾವ ಹೊತ್ತಿಗೆ ಬಳಚು ಹೆಕ್ಕಲು ಹೋಗಬೇಕು, ಯಾವ ದಿನ ಕಟ್ಟೆಗೆ ಕಾವಲು ಬೇಕು ಎಂಬುದನ್ನೆಲ್ಲ ತಿಥಿ ನಿರ್ಧರಿಸುತ್ತದೆ.

ಇದರ ವಿಜ್ಞಾನವನ್ನು ಶಿಕ್ಷಕರು ಒಂದು ಬಿದಿರುಗಳದಿಂದ ಸ್ವತಃ ಕಂಡುಕೊಳ್ಳಬಹುದು. ಗಳಕ್ಕೆ ಹತ್ತು ಸೆಂಟಿಮೀಟರಿಗೊಂದರಂತೆ ಬಣ್ಣದ ಗುರುತು ಹಾಕಿ ಕಟ್ಟೆಯ ಬದಿಯ ನೀರಿನಲ್ಲಿ ನೆಡಬೇಕು. ಅರ್ಧ ಗಂಟೆಗೊಮ್ಮೆ ನೀರಿನ ಮಟ್ಟ ಬರೆದುಕೊಂಡು ಸಂಜೆ ಕಾಲ-ಎತ್ತರಗಳ ನಕ್ಷೆ ಬಿಡಿಸಿದರೆ ಒಂದು ಭರತದಿಂದ ಮುಂದಿನ ಭರತಕ್ಕೆ ಹನ್ನೆರಡೂವರೆ ಗಂಟೆಗೆ ತುಸು ಕಡಿಮೆ ಅಂತರ ಕಾಣುತ್ತದೆ. ಒಂದು ದಿನದ ಎರಡು ಭರತಗಳು ಸಮನಾಗಿ ಏರದಿರುವುದೂ ನಕ್ಷೆಯಲ್ಲಿಯೇ ಗೋಚರಿಸುತ್ತದೆ. ಮರುದಿನ ಅದೇ ಗುರುತಿಗೆ ನೀರು ಮುಟ್ಟುವುದು ಸುಮಾರು 50 ನಿಮಿಷ ತಡವಾಗಿ. ದಿನಕ್ಕೆ 60 ಘಳಿಗೆ, ಘಳಿಗೆಗೆ 24 ನಿಮಿಷ ಎಂಬ ಹಳೆಯ ಮಾನವನ್ನು ಇಲ್ಲಿ ತಂದರೆ ವಿಳಂಬವು ತಿಥಿಯೊಂದಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಎಂದಾಗುತ್ತದೆ. ವ್ಯತ್ಯಾಸ ಎರಡೇ ನಿಮಿಷ. ಅಮಾವಾಸ್ಯೆಯ ದಿನದ ಭರತದ ಹೊತ್ತೊಂದು ಗೊತ್ತಿದ್ದರೆ ಪಕ್ಷದ ಯಾವ ದಿನಕ್ಕಾದರೂ ಬೆರಳೆಣಿಕೆಯಲ್ಲಿ ಹೊತ್ತು ಹೇಳಬಹುದು. ಅಮಾವಾಸ್ಯೆ-ಹುಣ್ಣಿಮೆಗಳಲ್ಲಿ ಸೂರ್ಯಚಂದ್ರರ ಸೆಳೆತ ಒಂದಾಗಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಉತ್ತರ ಕನ್ನಡದ ಕರೆಯಲ್ಲಿ ಈ ಏರಿಳಿತ ಎರಡು ಮೀಟರಿನ ಆಸುಪಾಸು. ಅಷ್ಟಮಿಯ ಹೊತ್ತಿಗೆ ಅದು ಕುಗ್ಗುತ್ತದೆ. ಪಂಚಾಂಗವನ್ನು ಮೂಢನಂಬಿಕೆಯ ಪಾಠದಲ್ಲಿ ಮಾತ್ರ ಹೆಸರಿಸುವ ವಿಜ್ಞಾನ ಶಿಕ್ಷಕರು ಅದರ ಈ ಭಾಗವನ್ನು ಖಗೋಳದ ಪಾಠಕ್ಕೆ ಸೇರಿಸಿಕೊಂಡರೆ ನಷ್ಟವೇನೂ ಇಲ್ಲ.

ಶಿಬಿರದ ವೇಳಾಪಟ್ಟಿ ಮಾಡುವವರಿಗೆ ಇಲ್ಲೊಂದು ಮಾತು ಹೇಳಲೇಬೇಕು. ಬೆಳಿಗ್ಗೆ ಹತ್ತಕ್ಕೆ ಉದ್ಘಾಟನೆ, ಹನ್ನೊಂದಕ್ಕೆ ಕ್ಷೇತ್ರಭೇಟಿ ಎಂದು ಮುದ್ರಿಸಿದ ಆಹ್ವಾನಪತ್ರಿಕೆಯನ್ನು ಸಮುದ್ರ ಓದುವುದಿಲ್ಲ. ಹನ್ನೊಂದಕ್ಕೆ ಭರತವಿದ್ದರೆ ನೋಡಬೇಕಾದ ನೆಲವೆಲ್ಲ ನೀರಿನಡಿ ಇರುತ್ತದೆ.

ಉಪ್ಪು, ಚೌಳು ಮತ್ತು ಕಗ್ಗ

‘ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ’ ಎಂಬ ಗಾದೆ ಒಳನಾಡಿನಲ್ಲಿಯೂ ಬಳಕೆಯಲ್ಲಿದೆ. ಅಳಿವೆಯಲ್ಲಿ ಉಪ್ಪಿಗೆ ಬಡತನವಿಲ್ಲ, ಆದರೆ ಅದು ಎಲ್ಲೆಡೆ, ಎಲ್ಲ ಕಾಲ ಒಂದೇ ಸಮನಾಗಿಲ್ಲ. ಸಮುದ್ರದ ಒಂದು ಕಿಲೋಗ್ರಾಂ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಮಳೆಗಾಲದ ಅಘನಾಶಿನಿಯಲ್ಲಿ ಬಹುಭಾಗ ಸಿಹಿನೀರೇ. ಬೇಸಿಗೆಯಲ್ಲಿ ಉಪ್ಪು ಮೇಲಮೇಲಕ್ಕೆ ಏರುತ್ತದೆ. ಭರತದ ಪ್ರಭಾವ ಒಳಗೆ ಉಪ್ಪಿನಪಟ್ಟಣದವರೆಗೂ ಕಾಣುತ್ತದೆ. ಆ ಊರಿನ ಹೆಸರಿನಲ್ಲೇ ಉಪ್ಪಿದೆ.

ಉಪ್ಪನ್ನು ಅಳೆಯಲು ದುಬಾರಿ ಉಪಕರಣವೇ ಬೇಕೆಂದಿಲ್ಲ. ಮಂಡ್ಯದ ಹಳ್ಳಿಯಿಂದ ಹೊರಟವರು ಹಾಲಿನ ಡೈರಿಯ ಲ್ಯಾಕ್ಟೋಮೀಟರನ್ನು ಚೀಲದಲ್ಲಿ ಇಟ್ಟುಕೊಂಡರೆ ಸಾಕು. ಹಾಲಿಗೆ ನೀರು ಬೆರೆತಿದೆಯೇ ಎಂದು ನೋಡುವ ಆ ಗಾಜಿನ ಕೊಳವೆ ಅಳೆಯುವುದು ದ್ರವದ ಸಾಂದ್ರತೆಯನ್ನು. ಸಮುದ್ರದ ನೀರಿನ ಸಾಂದ್ರತೆ ಹಾಲಿನದಕ್ಕೆ ಸಮೀಪವಿರುವುದು ಈ ಕೆಲಸಕ್ಕೆ ಅನುಕೂಲ. ಶೂನ್ಯದಿಂದ ಗುರುತುಗಳಿರುವ ಲ್ಯಾಕ್ಟೋಮೀಟರು ಸಿಹಿನೀರಿನಲ್ಲಿ ಸೊನ್ನೆಯ ಹತ್ತಿರ, ಕಡಲ ನೀರಿನಲ್ಲಿ 25ರ ಹತ್ತಿರ ನಿಲ್ಲುತ್ತದೆ. ನೀರಿನ ಉಷ್ಣತೆಗೆ ತಕ್ಕಂತೆ ಇದು ತುಸು ಬದಲಾಗುವುದರಿಂದ ಲೀಟರಿಗೆ 5, 10, 15 ಎಂದು 35 ಗ್ರಾಂವರೆಗೆ ಅಡುಗೆಯ ಉಪ್ಪು ಕರಗಿಸಿದ ದ್ರಾವಣಗಳಲ್ಲಿ ಅದನ್ನು ಇಳಿಸಿ ಮೊದಲೇ ಒಂದು ಕೋಷ್ಟಕ ಮಾಡಿಕೊಳ್ಳುವುದು ಒಳಿತು. ತದಡಿಯಿಂದ ಮಿರ್ಜಾನದವರೆಗೆ ನಾಲ್ಕಾರು ಕಡೆ, ಭರತದಲ್ಲಿ ಒಮ್ಮೆ ಇಳಿತದಲ್ಲಿ ಒಮ್ಮೆ ಅಳೆದರೆ ಅಳಿವೆಯ ಉಪ್ಪಿನ ನಕ್ಷೆ ಸಿದ್ಧವಾಗುತ್ತದೆ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನಾಗರಗಳಲ್ಲಿ ಇನ್ನೊಂದು ಸರಳ ಪ್ರಯೋಗ ಸಾಧ್ಯ. ಹೊಸ ಕೋಳಿಮೊಟ್ಟೆ ಕಡಲ ನೀರಿನಲ್ಲಿ ಮುಳುಗುತ್ತದೆ, ಉಪ್ಪು ಹರಳುಗಟ್ಟುವ ಹಂತಕ್ಕೆ ಬಂದ ಪಾತಿಯ ನೀರಿನಲ್ಲಿ ತೇಲುತ್ತದೆ.

ಈ ಉಪ್ಪಿನ ನಡುವೆ ಭತ್ತ ಬೆಳೆದವರ ವಿದ್ಯೆಯೇ ಗಜನಿ ಬೇಸಾಯ. ಅಳಿವೆಯ ಅಂಚಿನ ತಗ್ಗು ನೆಲಕ್ಕೆ ಮಣ್ಣಿನ ಕಟ್ಟೆ ಹಾಕಿ, ನಡುನಡುವೆ ಮರದ ಹಲಗೆಗಳ ಬಾಗಿಲನ್ನು ಇಡುತ್ತಾರೆ. ಈ ಬಾಗಿಲಿಗೆ ‘ಜಂತ್ರಡಿ’ ಎಂದು ಹೆಸರು. ಮುಂಗಾರಿನ ಮಳೆ ನೆಲದ ಉಪ್ಪನ್ನು ತೊಳೆಯುತ್ತದೆ. ಇಳಿತದಲ್ಲಿ ಹಲಗೆ ಎತ್ತಿ ಆ ನೀರನ್ನು ಹೊರಬಿಡುತ್ತಾರೆ, ಭರತದಲ್ಲಿ ಹಲಗೆ ಇಳಿಸಿ ಉಪ್ಪುನೀರನ್ನು ತಡೆಯುತ್ತಾರೆ. ಉಪ್ಪು ತಗ್ಗಿದ ನೆಲದಲ್ಲಿ ಕಗ್ಗ ಎಂಬ ಭತ್ತ ಬರುತ್ತದೆ. ಎತ್ತರಕ್ಕೆ ಬೆಳೆಯುವ, ಉದ್ದ ಮೀಸೆಯ ಈ ತಳಿಗೆ ಗೊಬ್ಬರ, ಔಷಧಿಗಳ ಹಂಗಿಲ್ಲ. ಕೆಲವು ದಿನ ನೀರಿನಲ್ಲಿ ಮುಳುಗಿದರೂ, ಕಟ್ಟೆಯೊಳಗೆ ತುಸು ಉಪ್ಪುನೀರು ನುಗ್ಗಿದರೂ ತಾಳಿಕೊಳ್ಳುತ್ತದೆ. ಕಗ್ಗದ ಗಂಜಿ ದುಡಿಯುವವರ ಹೊಟ್ಟೆಯಲ್ಲಿ ಬಹಳ ಹೊತ್ತು ನಿಲ್ಲುತ್ತದೆಂಬುದು ಅಲ್ಲಿಯವರ ಮಾತು. ಕುಯಿಲಿನಲ್ಲಿ ತೆನೆಯನ್ನು ಮಾತ್ರ ಕೊಯ್ದು ಕೂಳೆಯನ್ನು ಬಿಡುತ್ತಾರೆ. ಆಮೇಲೆ ಜಂತ್ರಡಿ ತೆರೆದು ಉಪ್ಪುನೀರನ್ನು ಒಳಬಿಟ್ಟರೆ ಅದರೊಡನೆ ಸಿಗಡಿ-ಮೀನಿನ ಮರಿಗಳೂ ಬರುತ್ತವೆ. ಕೊಳೆಯುವ ಕೂಳೆಯ ಸುತ್ತ ಬೆಳೆಯುವ ಸೂಕ್ಷ್ಮಜೀವಿಗಳು ಅವುಗಳ ಮೇವು. ಮೀನಿನ ಹಿಕ್ಕೆ ಮುಂದಿನ ಕಗ್ಗಕ್ಕೆ ಗೊಬ್ಬರ. ಗೋವೆಯ ಖಾಜಾನ್, ಕೇರಳದ ಪೊಕ್ಕಾಳಿ ಇದೇ ಕುಟುಂಬದ ಪದ್ಧತಿಗಳು.

ದೇವಲಾಪುರದ ಶಿಕ್ಷಕರಿಗೆ ಇಲ್ಲಿ ತಮ್ಮ ಊರಿನ ಚೌಳು ನೆನಪಾಗದಿರದು. ಮಂಡ್ಯ ಜಿಲ್ಲೆಯ ನಾಲೆಯ ಬಯಲಿನಲ್ಲಿ ನೀರು ಬಸಿದುಹೋಗದೆ ನಿಂತ ತಗ್ಗುಗಳಲ್ಲಿ ಲವಣ ಮೇಲೇರಿ ನೆಲ ಬೆಳ್ಳಗಾಗುವುದು ಕಂಡ ಸಂಗತಿ. ಮಡಿವಾಳರು ಹಿಂದೆ ಬಟ್ಟೆ ಒಗೆಯಲು ಚೌಳುಮಣ್ಣನ್ನು ತರುತ್ತಿದ್ದರು. ಚೌಳಿನಲ್ಲಿ ಸೋಡಿಯಂ ಕಾರ್ಬೊನೇಟಿನಂತಹ ಕ್ಷಾರ ಲವಣಗಳು ಇರುವುದರಿಂದ ಅದು ಜಿಡ್ಡನ್ನು ಬಿಡಿಸುತ್ತದೆ. ಗಜನಿಯ ಉಪ್ಪು ಮುಖ್ಯವಾಗಿ ಸೋಡಿಯಂ ಕ್ಲೋರೈಡ್. ಅದು ಬಟ್ಟೆ ಒಗೆಯಲು ಬರುವುದಿಲ್ಲ. ಎರಡೂ ಊರಿನ ಮಣ್ಣನ್ನು ಬೇರೆಬೇರೆ ನೀರಿನಲ್ಲಿ ಕಲಕಿ, ತಿಳಿಗೆ ಲಿಟ್ಮಸ್ ಕಾಗದವನ್ನೋ ಅರಿಸಿನದ ಕಾಗದವನ್ನೋ ಅದ್ದಿದರೆ ಎರಡು ‘ಉಪ್ಪು’ಗಳ ಭೇದ ಬಣ್ಣದಲ್ಲಿ ಕಾಣುತ್ತದೆ. ಮುಖ್ಯ ಭೇದ ಇನ್ನೊಂದಿದೆ. ಒಳನಾಡಿನ ಚೌಳು ನೀರು ಹೋಗಲು ದಾರಿಯಿಲ್ಲದುದರ ಫಲ, ಗಜನಿ ನೀರಿನ ದಾರಿಯನ್ನು ದಿನಕ್ಕೆ ಎರಡು ಬಾರಿ ತೆರೆದು ಮುಚ್ಚುವವರ ಸೃಷ್ಟಿ.

ಈ ಸೃಷ್ಟಿ ಈಗ ಉಳಿದಿರುವುದು ಅಲ್ಪ. 1970ರ ದಶಕದಲ್ಲಿ ಸರ್ಕಾರ ಕಲ್ಲಿನ ಶಾಶ್ವತ ಕಟ್ಟೆಗಳನ್ನು ಕಟ್ಟಿಸಿದ ಮೇಲೆ ವರ್ಷವರ್ಷ ಒಟ್ಟಾಗಿ ಮಣ್ಣುಕಟ್ಟೆ ದುರಸ್ತಿ ಮಾಡುವ ರೂಢಿ ಸಡಿಲಿತು, ಕಟ್ಟೆಯ ಹೊರಗಿನ ಕಾಂಡ್ಲಾ ಗಿಡಗಳಿಗೂ ಪೆಟ್ಟುಬಿತ್ತು. ಅನಂತರ ಸಿಗಡಿ ಸಾಕಣೆಯ ಲಾಭದ ಮುಂದೆ ಕಗ್ಗ ಹಿಂದೆ ಸರಿಯಿತು. ಕರಾವಳಿ ವಲಯದ ಸಿಗಡಿ ಕೊಳಗಳ ಕುರಿತು 1996ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪು ಸಾಂಪ್ರದಾಯಿಕ ಪದ್ಧತಿಯನ್ನು ನಿಷೇಧದಿಂದ ಹೊರಗಿಟ್ಟಿತು. ಆದರೆ ಹೊರಗುಳಿದ ಪದ್ಧತಿಯನ್ನು ನಡೆಸುವ ಕೈಗಳೇ ಕಡಿಮೆಯಾಗಿದ್ದವು. ಕುಮಟಾ ತಾಲ್ಲೂಕಿನ ಮಾಣಿಕಟ್ಟಾದಂತಹ ಕೆಲವೆಡೆ ರೈತರು ಕಗ್ಗದ ಬೀಜವನ್ನು ಉಳಿಸಿಕೊಂಡಿದ್ದಾರೆ.

ಕೆಸರು, ಕಾಂಡ್ಲಾ, ಬಳಚು

ಕಾಂಡ್ಲಾದ ವಿವರ ಈಗ ಪಠ್ಯಗಳಲ್ಲಿ ಸಾಕಷ್ಟು ದೊರೆಯುತ್ತದೆ. ನೆಲದಿಂದ ಮೇಲಕ್ಕೆ ಚುಚ್ಚಿಕೊಂಡು ನಿಂತ ಉಸಿರುಬೇರು, ತಾಯಿಮರದಲ್ಲಿಯೇ ಮೊಳೆತು ಈಟಿಯಂತೆ ಕೆಸರಿಗೆ ಬೀಳುವ ಸಸಿ, ಉಪ್ಪನ್ನು ಹೊರಹಾಕುವ ಎಲೆ ಇವನ್ನು ಒಂದು ಗಂಟೆಯಲ್ಲಿ ತೋರಿಸಿ ಮುಗಿಸಬಹುದು. ಬೇರಿಗೆ ಉಸಿರಾಟ ಏಕೆ ಕಷ್ಟ ಎಂಬುದನ್ನು ಮಾತ್ರ ಕೈಯಿಂದ ಕಲಿಯಬೇಕು. ಗೇಣುದ್ದ ಅಗೆದರೆ ಮೇಲಿನ ಕಂದು ಕೆಸರಿನಡಿ ಕಪ್ಪು ಕೆಸರು ಸಿಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯುತ್ತದೆ. ಆಮ್ಲಜನಕವಿಲ್ಲದ ಕಡೆ ಸೂಕ್ಷ್ಮಜೀವಿಗಳು ಕಡಲ ನೀರಿನ ಸಲ್ಫೇಟನ್ನು ಬಳಸಿ ಹೈಡ್ರೋಜನ್ ಸಲ್ಫೈಡನ್ನು ಬಿಡುವುದರ ಗುರುತು ಅದು. ಬೆಳ್ಳಿಯ ಸಣ್ಣ ತುಣುಕನ್ನು ಅದರಲ್ಲಿ ಹೂತಿಟ್ಟರೆ ಕಪ್ಪಾಗುತ್ತದೆ.

ಬಳಚಿನ ಪಾಠ ಇದಕ್ಕಿಂತ ದೊಡ್ಡದು. ಉತ್ತರ ಕನ್ನಡದ ಬಳಚು, ದಕ್ಷಿಣ ಕನ್ನಡದ ಮರುವಾಯಿ, ಬಂಡೆಗೆ ಅಂಟಿದ ಕಲ್ವ, ನೀಲಿಕಲ್ಲು ಇವೆಲ್ಲ ಎರಡು ಚಿಪ್ಪಿನ ಜೀವಿಗಳು. ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಿನಲ್ಲಿ, ಬಯಲಾದ ಮರಳುದಿಬ್ಬದ ಮೇಲೆ ಬಳಚು ಹೆಕ್ಕುವವರಲ್ಲಿ ಹೆಂಗಸರ ಪಾಲು ದೊಡ್ಡದು. ಮರಳಿನ ಮೇಲಿನ ಪುಟ್ಟ ಜೋಡಿ ತೂತುಗಳನ್ನು ನೋಡಿ ಕೆಳಗೆ ಜೀವವಿದೆಯೆಂದು ತಿಳಿಯುವುದು ಅವರ ಕಣ್ಣಿನ ಅಭ್ಯಾಸ. ನೀರಿನೊಳಗಾದರೆ ಪಾದವೇ ಕಣ್ಣು. ಆ ಜೋಡಿ ತೂತುಗಳು ನೀರನ್ನು ಒಳಗೆಳೆದು ಹೊರಬಿಡುವ ನಳಿಕೆಗಳ ಗುರುತು. ಒಂದು ಮೀಟರ್ ಚೌಕದ ಹಗ್ಗವನ್ನು ಹಾಸಿ, ಮೊದಲು ಶಿಕ್ಷಕರು ಹುಡುಕಿ ಎಣಿಸಬೇಕು, ಅನಂತರ ಅದೇ ಚೌಕದಲ್ಲಿ ಬಳಚು ಹೆಕ್ಕುವ ಒಬ್ಬ ಹೆಂಗಸು ಹುಡುಕಬೇಕು. ಎರಡು ಎಣಿಕೆಗಳ ಅಂತರವನ್ನು ಕಂಡ ಶಿಕ್ಷಕರು ‘ಅನಕ್ಷರಸ್ಥ’ ಎಂಬ ಪದವನ್ನು ಮುಂದೆ ಎಚ್ಚರದಿಂದ ಬಳಸಿಯಾರು.

ಇದು ಬರಿಯ ಉಪಕಸುಬಲ್ಲ. 2008ರಲ್ಲಿ ಪ್ರಕಟವಾದ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನವೊಂದು ಅಘನಾಶಿನಿಯ ಅಳಿವೆಯಲ್ಲಿ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಜೀವಿಗಳ ಸಂಗ್ರಹವಾಗುತ್ತದೆ, ಅದರ ಬೆಲೆ ಅಂದಿಗೆ ಸುಮಾರು 5.8 ಕೋಟಿ ರೂಪಾಯಿ, ನೇರವಾಗಿ ತೊಡಗಿದವರು ಸುಮಾರು 2,300 ಮಂದಿ ಎಂದು ಅಂದಾಜು ಮಾಡಿತು. ಕುಮಟಾದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಎಂ.ಡಿ. ಸುಭಾಶ್ಚಂದ್ರನ್ ಮತ್ತು ಟಿ.ವಿ. ರಾಮಚಂದ್ರ ಅವರ ತಂಡದ ಇಂತಹ ಅಧ್ಯಯನಗಳು ಕೆಸರುನೆಲಕ್ಕೆ ಲೆಕ್ಕಪತ್ರದಲ್ಲಿ ಒಂದು ಸಾಲು ದೊರಕಿಸಿದವು. ಈ ಸಾಲಿಗೆ ಬೆಲೆ ಇದ್ದೇ ಇದೆ. ಇದೇ ತದಡಿಯಲ್ಲಿ 2000ರ ದಶಕದಲ್ಲಿ ಅತಿಬೃಹತ್ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದು, ಜನರ ವಿರೋಧದ ನಡುವೆ ಕೈಬಿಡಲ್ಪಟ್ಟಿತು. ಪಾಳು, ಜೌಗು, ಬಂಜರು ಎಂದು ಕಡತದಲ್ಲಿ ಬರೆದ ನೆಲದ ಮೇಲೆ ಯೋಜನೆ ಬರುವುದು ಸುಲಭ. ಬಳಚಿನ ದಿಬ್ಬ, ಕಗ್ಗದ ಗಜನಿ ಎಂದು ಬರೆದರೆ ಅದು ಅಷ್ಟು ಸುಲಭವಲ್ಲ.

ಜಾನಪದ ಅಧ್ಯಯನವೂ ಇಲ್ಲಿ ತನ್ನ ಲೋಪವನ್ನು ಒಪ್ಪಿಕೊಳ್ಳಬೇಕಾಗಿದೆ. ಎಲ್.ಆರ್. ಹೆಗಡೆ, ಎನ್.ಆರ್. ನಾಯಕ ಮೊದಲಾದವರ ದುಡಿಮೆಯಿಂದ ಉತ್ತರ ಕನ್ನಡದ ಹಾಡು-ಕಥೆಗಳ ಭಂಡಾರ ಉಳಿಯಿತು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯವರಾದ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, ರಾಮನಗರದ ಬಳಿ ಜಾನಪದ ಲೋಕವನ್ನು ಸ್ಥಾಪಿಸಿ, ಕಸುಬಿನ ಉಪಕರಣಗಳಿಗೂ ಮ್ಯೂಸಿಯಂನಲ್ಲಿ ಜಾಗ ಕೊಟ್ಟರು. ಆದರೂ ಒಟ್ಟಾರೆಯಾಗಿ ಹಾಡಿಗೆ ದೊರೆತ ಗಮನ ಕಸುಬಿನ ಅರಿವಿಗೆ ದೊರೆಯಲಿಲ್ಲ. ಸುಗ್ಗಿಯ ಹಾಡು ಹೇಳಿದ ಹಾಲಕ್ಕಿ ವಕ್ತೃವನ್ನು ಜಂತ್ರಡಿಯ ಹಲಗೆಯನ್ನು ಯಾವ ತಿಥಿಗೆ ಎತ್ತುತ್ತೀರಿ ಎಂದು ಕೇಳಿದ ಸಂಗ್ರಾಹಕರು ವಿರಳ. ಈ ಪ್ರಶ್ನೆಯನ್ನು ಕೇಳಲು ಅಳತೆಯ ಅಭ್ಯಾಸವಿರುವ ವಿಜ್ಞಾನ ಶಿಕ್ಷಕರೇ ಹೆಚ್ಚು ಸಮರ್ಥರು. ಕೇಳಿದ್ದನ್ನು ಬರೆಯುವಾಗ ಹೇಳಿದವರ ಊರು, ಕಸುಬು, ಅವರೇ ಬಳಸಿದ ಪದ ಇವನ್ನು ಬದಲಿಸದೆ ದಾಖಲಿಸಬೇಕು. ಅವರ ದುಡಿಮೆಯ ಹೊತ್ತು ಇಳಿತದ ಮೂರು-ನಾಲ್ಕು ಗಂಟೆ ಮಾತ್ರ. ಅಷ್ಟರಲ್ಲಿ ಅವರನ್ನು ನಿಲ್ಲಿಸಿ ಸಂದರ್ಶಿಸುವುದು ಅವರ ಅಂದಿನ ಕೂಲಿಯನ್ನು ಕಸಿದಂತೆ. ಸಂಜೆಯ ಜಗಲಿ ಅದಕ್ಕೆ ತಕ್ಕ ಜಾಗ. ಎಣಿಕೆಗೆ ತೆಗೆದ ಜೀವಿಗಳನ್ನು ತೆಗೆದಲ್ಲಿಯೇ ಬಿಡಬೇಕು. ಒಂದೇ ಭೇಟಿಯಲ್ಲಿ ಎಲ್ಲವನ್ನೂ ಕಾಣುವ ಆಸೆಯೂ ಸಲ್ಲದು. ಭಾದ್ರಪದದ ಹೊತ್ತಿಗೆ ಗಜನಿಯಲ್ಲಿ ಕಗ್ಗವಿರುತ್ತದೆ, ಬಳಚಿನ ದಿಬ್ಬಕ್ಕೆ ಮಾಘ-ಫಾಲ್ಗುಣವೇ ಸರಿ.

ಊರಿಗೆ ಮರಳಿದ ಮೇಲೆ

ಕಾವೇರಿ ನ್ಯಾಯಮಂಡಳಿಯ 2007ರ ಅಂತಿಮ ತೀರ್ಪು 740 ಟಿಎಂಸಿ ನೀರನ್ನು ಹಂಚಿತು. ಅದರಲ್ಲಿ 10 ಟಿಎಂಸಿ ಪರಿಸರ ರಕ್ಷಣೆಗೆ, 4 ಟಿಎಂಸಿ ಸಮುದ್ರಕ್ಕೆ ಅನಿವಾರ್ಯವಾಗಿ ಹೋಗುವ ನೀರೆಂದು ಲೆಕ್ಕಹಾಕಲಾಯಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ರಾಜ್ಯಗಳ ಪಾಲನ್ನು ಬದಲಿಸಿದಾಗಲೂ ಈ ಎರಡು ಅಂಕಿಗಳು ಹಾಗೆಯೇ ಉಳಿದವು. ‘ಅನಿವಾರ್ಯವಾಗಿ ಹೋಗುವ’ ಎಂಬ ಮಾತಿನಲ್ಲಿ ಸಮುದ್ರಕ್ಕೆ ಹೋಗುವ ನೀರು ಸೋರಿಕೆಯಾಗಿದೆ, ಪಾಲಾಗಿಲ್ಲ. ಅಘನಾಶಿನಿಯ ಉಪ್ಪನ್ನು ಲ್ಯಾಕ್ಟೋಮೀಟರಿನಿಂದ ಅಳೆದು ಬಂದವರು ಈ ಮಾತನ್ನು ಮಕ್ಕಳ ಮುಂದೆ ಚರ್ಚೆಗಿಡಬಲ್ಲರು. ಚರ್ಚೆ ಏಕಪಕ್ಷೀಯವಾಗಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ನಾಗಮಂಗಲದ ಕೆರೆಗಳು ಒಣಗುವುದೂ ನಿಜ, ಪಶ್ಚಿಮದ ನೀರನ್ನು ಪೂರ್ವಕ್ಕೆ ತರುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರಲ್ಲಿ ಉದ್ಘಾಟನೆಗೊಂಡುದು ಬಾಯಾರಿದ ಜಿಲ್ಲೆಗಳ ಹೆಸರಿನಲ್ಲಿ ಎಂಬುದೂ ನಿಜ. ಆ ನೀರು ಹೋಗದಿದ್ದರೆ ನೇತ್ರಾವತಿಯ ಅಳಿವೆಯಲ್ಲಿ ಮರುವಾಯಿಗೆ ಏನಾಗುತ್ತದೆ ಎಂಬ ಪ್ರಶ್ನೆಯನ್ನೂ ಅದರ ಪಕ್ಕದಲ್ಲಿಯೇ ಇಡಬೇಕು.

ಕರ್ನಾಟಕದ ಮೊದಲ ರಾಮ್ಸಾರ್ ತಾಣವೆಂದು ರಂಗನತಿಟ್ಟು 2022ರಲ್ಲಿ ಘೋಷಿತವಾಯಿತು. 2024ರ ಜನವರಿಯಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಅಘನಾಶಿನಿಯ ಅಳಿವೆಯೂ ಸೇರಿತು. ಶ್ರೀರಂಗಪಟ್ಟಣದ ತಿಟ್ಟು ಮತ್ತು ಕುಮಟಾದ ಕುರ್ವೆಗಳು ಹೀಗೆ ಒಂದೇ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ನಿಂತಿವೆ. ಎರಡನ್ನೂ ಕಂಡ ಶಿಕ್ಷಕರಿಗೆ ಹೋಲಿಸಲು ಬೇಕಾದ ಸಾಮಗ್ರಿ ಅಲ್ಲಿದೆ.

ದೇವಲಾಪುರದ ಸುತ್ತಿನಲ್ಲಿಯೂ ಕೆಲಸವಿದೆ. ಕೆರೆ ಕೋಡಿ ಬಿದ್ದ ದಿನ ಗಳವೊಂದನ್ನು ನೆಟ್ಟು ನೀರಿನ ಮಟ್ಟ ಬರೆಯಬಹುದು, ಮೀನು ಹಿಡಿಯುವ ಬಿದಿರಿನ ಕೂಳಿಯ ಅಳತೆ ಬಿಡಿಸಿಕೊಳ್ಳಬಹುದು. ಕಾವೇರಿಯ ದಡದ ಹಿರಿಯ ಬೆಸ್ತರನ್ನು ಹಾವುಮೀನಿನ ಬಗ್ಗೆ ಕೇಳುವುದು ಇವೆಲ್ಲಕ್ಕಿಂತ ಮುಖ್ಯ. ಹಾವುಮೀನು ಸಿಹಿನೀರಿನಲ್ಲಿ ಬೆಳೆಯುತ್ತದೆ, ಮರಿಯಿಡಲು ಸಮುದ್ರಕ್ಕೆ ಹೋಗುತ್ತದೆ. ಅದರ ಪಾರದರ್ಶಕ ಮರಿಗಳು ಅಳಿವೆಯನ್ನು ದಾಟಿ ನದಿಯನ್ನು ಏರುತ್ತವೆ. 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿದ ಮೇಲೆ ಕಡಲಿನಿಂದ ಕಾವೇರಿಯನ್ನು ಏರಿ ಬರುತ್ತಿದ್ದ ಹಿಲ್ಸಾ ಮೀನಿನ ದಾರಿ ಕಟ್ಟಿತು. ಹಾವುಮೀನಿನ ದಾರಿಯಲ್ಲಿಯೂ ಅದೇ ಗೋಡೆಯಿದೆ. ಯಾವ ಮಡುವಿನಲ್ಲಿ, ಯಾವ ವರ್ಷ, ಎಷ್ಟು ಉದ್ದದ ಹಾವುಮೀನನ್ನು ಕೊನೆಯ ಬಾರಿ ಕಂಡಿರಿ ಎಂಬ ಮೂರು ಪ್ರಶ್ನೆಗಳಿಗೆ ಶ್ರೀರಂಗಪಟ್ಟಣದಿಂದ ಶಿವನಸಮುದ್ರದವರೆಗಿನ ದಡದ ಊರುಗಳಲ್ಲಿ ಉತ್ತರ ಬರೆದುಕೊಂಡರೆ ಕಾವೇರಿಯ ಅಳಿವೆಯ ಕುರಿತ ದಾಖಲೆಯೊಂದು ಮಂಡ್ಯ ಜಿಲ್ಲೆಯಲ್ಲಿಯೇ ಸಿದ್ಧವಾಗುತ್ತದೆ.